ಫೋನು ಕದ್ದು ಕೇಳುತ್ತದಾ? ಕೊಂಡ ಇ-ಪುಸ್ತಕ ನಮ್ಮದೇನಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಯಾವ ಫೋನ್ ಕೊಳ್ಳಲಿ ಎಂಬುದಲ್ಲ. ಕೈಯಲ್ಲಿ ಈಗಾಗಲೇ ಇರುವುದು ಯಾಕೆ ಹೀಗೆ ನಡೆದುಕೊಳ್ಳುತ್ತದೆ ಎಂಬುದು. ಇಂಥ ಪ್ರಶ್ನೆಗಳಿಗೆ ಉತ್ತರ ಬರೆಯುವುದೆಂದರೆ ನನಗೆ ತುಂಬಾ ಇಷ್ಟ, ಹಾಗಾಗಿ ಒಂದೆರಡು ಉತ್ತರ ಉದ್ದವಾಗಿವೆ.

ಪ್ರಶ್ನೆ: ಗೆಳತಿಯ ಜೊತೆ ಮಾತಾಡುವಾಗ ಓಡಲು ಹೊಸ ಶೂ ಬೇಕು ಅಂದೆ, ಅಷ್ಟೇ. ಎಲ್ಲೂ ಹುಡುಕಲಿಲ್ಲ, ಟೈಪ್ ಮಾಡಲಿಲ್ಲ. ಸಂಜೆ ಫೋನ್ ತೆರೆದರೆ ಅದೇ ಶೂಗಳ ಜಾಹೀರಾತು! ಫೋನು ನಮ್ಮ ಮಾತು ಕದ್ದು ಕೇಳುತ್ತದೆ ಅನ್ನಲು ಇನ್ನೇನು ಸಾಕ್ಷಿ ಬೇಕು?

ಉತ್ತರ: ಇದು ಹೆಚ್ಚುಕಡಿಮೆ ಎಲ್ಲರಿಗೂ ಆಗಿರುವ ಅನುಭವ. ನಿಮಗೆ ಹಾಗೆ ಅನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಈ ಅನುಮಾನವನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಜಾಲಾಡಿದರು. ಯಾವ ಆ್ಯಪ್ ಕೂಡ ಗುಟ್ಟಾಗಿ ಮೈಕ್ ಆನ್ ಮಾಡಿ ಮಾತನ್ನು ಹೊರಗೆ ಕಳಿಸಿದ್ದು ಅವರಿಗೆ ಕಾಣಲಿಲ್ಲ. ಅವರಿಗೆ ಸಿಕ್ಕಿದ್ದೇ ಬೇರೆ. ಕೆಲವು ಆ್ಯಪ್‌ಗಳು ಬಳಸುವವರಿಗೆ ಹೇಳದೆ ಪರದೆಯ ಚಿತ್ರ, ವಿಡಿಯೋ ತೆಗೆದು ಹೊರಗಿನ ಕಂಪನಿಗಳಿಗೆ ಕಳಿಸುತ್ತಿದ್ದವು. ನಾವು ಕಿವಿಯ ಬಗ್ಗೆ ಹೆದರುತ್ತಿದ್ದೆವು, ಅಲ್ಲಿ ಕೆಲಸ ಮಾಡುತ್ತಿದ್ದದ್ದು ಕಣ್ಣು.

ಹಾಗಾದರೆ ಶೂ ಹೇಗೆ ಬಂತು? ನೀವು ಹುಡುಕಿರಲಿಕ್ಕಿಲ್ಲ, ನಿಮ್ಮ ಗೆಳತಿ ಹುಡುಕಿರಬಹುದು. ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ವೈಫೈನಲ್ಲಿ ಇದ್ದಿರಿ, ಒಬ್ಬರ ನಂಬರ್ ಇನ್ನೊಬ್ಬರ ಫೋನಿನಲ್ಲಿದೆ. ಇವರಿಬ್ಬರೂ ಪರಿಚಿತರು, ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೂ ಬೇಕಾಗಬಹುದು ಎಂದು ಲೆಕ್ಕ ಹಾಕಲು ಜಾಹೀರಾತಿನವರಿಗೆ ಇಷ್ಟು ಸಾಕು. ಅದರ ಮೇಲೆ ನಿಮ್ಮ ವಯಸ್ಸು, ನೀವು ಬಳಸುವ ವ್ಯಾಯಾಮದ ಆ್ಯಪ್, ಹಿಂದೆ ಕೊಂಡ ಸಾಮಾನು, ಯಾವ ವಿಡಿಯೋದ ಮೇಲೆ ಬೆರಳು ಎಷ್ಟು ಹೊತ್ತು ನಿಂತಿತು, ಎಲ್ಲವೂ ಸೇರಿದಾಗ ಮಾತು ಕೇಳುವ ಅಗತ್ಯವೇ ಉಳಿಯುವುದಿಲ್ಲ. ಜೊತೆಗೆ ಇನ್ನೊಂದು ಸಂಗತಿ. ಶೂ ಜಾಹೀರಾತು ಹೋದ ವಾರವೂ ಬಂದಿರಬಹುದು, ಆಗ ನೀವು ಅದನ್ನು ಗಮನಿಸದೆ ಮುಂದೆ ಹೋಗಿರುತ್ತೀರಿ. ಮಾತಾಡಿದ ದಿನ ಮಾತ್ರ ಕಣ್ಣಿಗೆ ಬಿತ್ತು.

ಒಂದು ಮಾತು ಸೇರಿಸಲೇಬೇಕು. ಕರೆದರೆ ಓಗೊಡುವ ಧ್ವನಿ ಸಹಾಯಕರ ವಿಷಯ ಬೇರೆ. ತನ್ನ ಹೆಸರಿಗಾಗಿ ಕಾಯಲು ಅದು ಮೈಕ್ ತೆರೆದುಕೊಂಡೇ ಇರಬೇಕು, ಕೆಲವೊಮ್ಮೆ ಯಾರೂ ಕರೆಯದಿದ್ದರೂ ಕರೆದರು ಅಂದುಕೊಂಡು ರೆಕಾರ್ಡ್ ಮಾಡುತ್ತದೆ. ಸಿರಿ, ಅಲೆಕ್ಸಾ, ಗೂಗಲ್ ಅಸಿಸ್ಟೆಂಟ್ ರೆಕಾರ್ಡಿಂಗ್‌ಗಳಲ್ಲಿ ಒಂದಷ್ಟನ್ನು ಗುಣಮಟ್ಟ ನೋಡಲೆಂದು ಮನುಷ್ಯರೇ ಕೂತು ಕೇಳುತ್ತಿದ್ದರು ಎಂಬುದು 2019ರಲ್ಲಿ ಬಯಲಾಯಿತು. ಆಮೇಲೆ ಕಂಪನಿಗಳು ನಿಯಮ ಬದಲಿಸಿದವು. ನೀವು ಸಹಾಯಕವನ್ನು ಬಳಸುವುದೇ ಇಲ್ಲವಾದರೆ ಕರೆಗೆ ಓಗೊಡುವ ಸೌಲಭ್ಯವನ್ನು ಇವತ್ತೇ ಆಫ್ ಮಾಡಿ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ವಿಭಾಗಕ್ಕೆ ಹೋಗಿ, ಮೈಕ್ ಅನುಮತಿ ಯಾವ ಯಾವ ಆ್ಯಪ್‌ಗೆ ಇದೆ ನೋಡಿ. ಫೋಟೋಗೆ ಬಣ್ಣ ಹಾಕುವ ಆ್ಯಪ್‌ಗೆ ಮೈಕ್ ಯಾಕೆ ಬೇಕು? ತೆಗೆದುಬಿಡಿ. ಐಫೋನಿನಲ್ಲಿ ಐಓಎಸ್ 14ರಿಂದ, ಆಂಡ್ರಾಯ್ಡ್‌ನಲ್ಲಿ 12ನೇ ಆವೃತ್ತಿಯಿಂದ, ಮೈಕ್ ಅಥವಾ ಕ್ಯಾಮೆರಾ ಕೆಲಸ ಮಾಡುವಾಗ ಪರದೆಯ ಮೇಲ್ತುದಿಯಲ್ಲಿ ಬಣ್ಣದ ಗುರುತು ಕಾಣುತ್ತದೆ. ಅದನ್ನು ಗಮನಿಸುವ ಅಭ್ಯಾಸ ಮಾಡಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಜಾಹೀರಾತು ಐಡಿ, ಅಂದರೆ ಜಾಹೀರಾತಿನವರು ನಿಮ್ಮ ಫೋನನ್ನು ಗುರುತಿಸಲು ಬಳಸುವ ಸಂಖ್ಯೆ, ಅಳಿಸಲು ಅವಕಾಶವಿದೆ. ಐಫೋನಿನಲ್ಲಿ ಹಿಂಬಾಲಿಸಲು (ಟ್ರ್ಯಾಕಿಂಗ್) ಆ್ಯಪ್‌ಗಳು ಅನುಮತಿ ಕೇಳಲೂ ಬಿಡದಂತೆ ಮಾಡಬಹುದು. ಜಾಹೀರಾತು ನಿಲ್ಲುವುದಿಲ್ಲ, ಆದರೆ ನಿಮ್ಮನ್ನು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹಿಂಬಾಲಿಸುವುದು ಕಷ್ಟವಾಗುತ್ತದೆ.

ಪ್ರಶ್ನೆ: 1 ಟಿಬಿ ಹಾರ್ಡ್ ಡಿಸ್ಕ್ ತಂದೆ. ಕಂಪ್ಯೂಟರ್ 931 ಜಿಬಿ ಅಂತ ತೋರಿಸುತ್ತಿದೆ. ಉಳಿದದ್ದು ಎಲ್ಲಿ ಹೋಯಿತು? ಮೋಸ ಅಲ್ವಾ?

ಉತ್ತರ: ಮೋಸ ಅಲ್ಲ, ಅಳತೆ ಬೇರೆ. ಡಿಸ್ಕ್ ಮಾಡುವವರಿಗೆ ಒಂದು ಟಿಬಿ ಅಂದರೆ 1,000 ಜಿಬಿ, ಒಂದು ಜಿಬಿ ಅಂದರೆ 1,00,00,00,000 ಬೈಟ್. ವಿಂಡೋಸ್ ಮಾತ್ರ 1,07,37,41,824 ಬೈಟ್‌ಗೆ ಒಂದು ಜಿಬಿ ಅನ್ನುತ್ತದೆ. ಡಿಸ್ಕಿನ ಒಟ್ಟು ಬೈಟ್‌ಗಳನ್ನು ಇದರಿಂದ ಭಾಗಿಸಿ ನೋಡಿ, 931 ಬರುತ್ತದೆ. ಅದೇ ಡಿಸ್ಕನ್ನು ಮ್ಯಾಕ್‌ಗೆ ಹಾಕಿದರೆ ಒಂದು ಟಿಬಿ ಎಂದೇ ತೋರಿಸುತ್ತದೆ. ನಿಮ್ಮ ಜಾಗ ಎಲ್ಲೂ ಹೋಗಿಲ್ಲ.

ಪ್ರಶ್ನೆ: ಬಳಸಿದ ಮೇಲೆ ಎಲ್ಲಾ ಆ್ಯಪ್‌ಗಳನ್ನೂ ಸ್ವೈಪ್ ಮಾಡಿ ಮುಚ್ಚುತ್ತೇನೆ. ಇದರಿಂದ ಬ್ಯಾಟರಿ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ?

ಉತ್ತರ: ಇಲ್ಲ. ಆ ಪಟ್ಟಿಯಲ್ಲಿ ಕಾಣುವ ಆ್ಯಪ್‌ಗಳಲ್ಲಿ ಬಹುಪಾಲು ಓಡುತ್ತಿರುವುದಿಲ್ಲ, ನಿದ್ದೆಯಲ್ಲಿರುತ್ತವೆ. ಮುಚ್ಚಿದರೆ ಮುಂದಿನ ಸಲ ಮೊದಲಿನಿಂದ ತೆರೆಯಬೇಕು, ಅದಕ್ಕೇ ಜಾಸ್ತಿ ಶಕ್ತಿ ಬೇಕು. 2016ರಲ್ಲಿ ಬಳಕೆದಾರರೊಬ್ಬರು ಇಮೇಲ್‌ನಲ್ಲಿ ಇದನ್ನೇ ಕೇಳಿದಾಗ, ಆಪಲ್‌ನಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ಕ್ರೇಗ್ ಫೆಡರಿಗಿ ಅದರ ಅಗತ್ಯವಿಲ್ಲ ಎಂದೇ ಉತ್ತರ ಕೊಟ್ಟಿದ್ದರು. ಆ್ಯಪ್ ಅಂಟಿಕೊಂಡು ನಿಂತಿದ್ದರೆ ಮುಚ್ಚಿ, ಇಲ್ಲದಿದ್ದರೆ ಬೆರಳಿಗೆ ಸುಮ್ನೆ ಕೆಲಸ. ಬ್ಯಾಟರಿ ಯಾರು ತಿನ್ನುತ್ತಿದ್ದಾರೆ ಎಂದು ತಿಳಿಯಬೇಕಾದರೆ ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟದಲ್ಲಿ ಪಟ್ಟಿಯೇ ಇದೆ. ಸಾಮಾನ್ಯವಾಗಿ ಮೊದಲ ಸಾಲಿನಲ್ಲಿರುವುದು ಪರದೆಯ ಬೆಳಕು, ವಿಡಿಯೋ, ಲೊಕೇಶನ್ ಕೇಳುತ್ತಲೇ ಇರುವ ಯಾವುದೋ ಒಂದು ಆ್ಯಪ್.

ಪ್ರಶ್ನೆ: ಹಲವು ವರ್ಷಗಳಿಂದ ಇ-ಪುಸ್ತಕ ಕೊಳ್ಳುತ್ತಿದ್ದೇನೆ. ಅಂಗಡಿಯೇ ಮುಚ್ಚಿದರೆ ನನ್ನ ಪುಸ್ತಕಗಳ ಗತಿ ಏನು? ಗೆಳೆಯ ಇವು ನಿನ್ನವೇ ಅಲ್ಲ ಅನ್ನುತ್ತಾನೆ.

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಬಹುಮಟ್ಟಿಗೆ ಸರಿ. ಇದು ನನಗೆ ಬೇಸರ ತರುವ ವಿಷಯ. ಕೊಳ್ಳಿ ಎಂಬ ಗುಂಡಿ ಒತ್ತಿ ದುಡ್ಡು ಕೊಟ್ಟಿರುತ್ತೇವೆ, ಆದರೆ ನಮಗೆ ಸಿಗುವುದು ಓದುವ ಅನುಮತಿ ಮಾತ್ರ. ಆ ಅನುಮತಿಯ ಶರತ್ತು ಅವರ ಕೈಯಲ್ಲಿ.

ನಡೆದದ್ದನ್ನೇ ಹೇಳುತ್ತೇನೆ. 2009ರಲ್ಲಿ ಅಮೆಜಾನ್ ತನ್ನ ಗ್ರಾಹಕರ ಬಳಿಯಿದ್ದ, ಇ-ಪುಸ್ತಕ ಓದುವ ಕಿಂಡಲ್ ಸಾಧನಗಳೊಳಗಿಂದ ಜಾರ್ಜ್ ಆರ್ವೆಲ್ ಅವರ ಕಾದಂಬರಿಗಳನ್ನು ದೂರದಿಂದಲೇ ಅಳಿಸಿತು. ಮಾರಾಟಕ್ಕೆ ಇಟ್ಟವರಿಗೆ ಹಕ್ಕೇ ಇರಲಿಲ್ಲ ಎಂಬುದು ಕಾರಣ. ದುಡ್ಡು ವಾಪಸ್ ಬಂತು, ಕಂಪನಿಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ನಮ್ಮ ಕೈಯಲ್ಲಿರುವ ಪುಸ್ತಕವನ್ನು ಇನ್ಯಾರೋ ತೆಗೆಯಬಹುದು ಎಂಬುದು ಆವತ್ತು ಎಲ್ಲರಿಗೂ ಗೊತ್ತಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಅಲ್ಲೂ ದುಡ್ಡು ವಾಪಸ್ ಕೊಟ್ಟರು, ಪುಸ್ತಕ ಮಾತ್ರ ತೆರೆಯದಂತಾಯಿತು. ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಗಳೂ ಅದರ ಜೊತೆಗೇ ಹೋದವು. ಪುಸ್ತಕದ ಬೆಲೆ ತಿರುಗಿ ಬರಬಹುದು, ಓದುತ್ತಾ ಮೂಡಿದ ಯೋಚನೆ ಎಲ್ಲಿಂದ ಬರುತ್ತದೆ?

2025ರ ಫೆಬ್ರವರಿ 26ರಿಂದ ಇನ್ನೊಂದು ಬದಲಾವಣೆ ಆಯಿತು. ಕೊಂಡ ಕಿಂಡಲ್ ಪುಸ್ತಕವನ್ನು ಅಮೆಜಾನ್ ಜಾಲತಾಣದಿಂದ ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಹಾಕಿಕೊಳ್ಳುವ ಸೌಲಭ್ಯ ನಿಂತಿತು. ಒಳ್ಳೆಯ ಸುದ್ದಿಯೂ ಇದೆ. ಆ ವರ್ಷದ ಜನವರಿಯಿಂದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹೊಸ ಕಾನೂನು ಬಂದಿದೆ. ಬರೀ ಅನುಮತಿ ಕೊಡುವಾಗ ಅದನ್ನು ಮಾರಾಟ ಎನ್ನಬೇಕಾದರೆ, ಇದು ಅನುಮತಿ ಮಾತ್ರ ಎಂದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ಪುಸ್ತಕ ನಮ್ಮದಾಗುವುದಿಲ್ಲ ನಿಜ, ಕೊನೇಪಕ್ಷ ಗೊತ್ತಿದ್ದು ಕೊಳ್ಳುತ್ತೇವೆ.

ನನ್ನ ಸಲಹೆ ಹೀಗಿದೆ. ಒಂದು ಸಲ ಓದಿ ಮರೆಯುವ ಪುಸ್ತಕವನ್ನು ಎಲ್ಲಿಂದ ಬೇಕಾದರೂ ಕೊಳ್ಳಿ, ಚಿಂತೆ ಬೇಡ. ಮತ್ತೆ ಮತ್ತೆ ತೆರೆಯುವ, ಜೀವಕ್ಕೆ ಹತ್ತಿರವಾದ ಪುಸ್ತಕವಾದರೆ ನಕಲು ಮಾಡದಂತೆ ತಡೆಯುವ ಡಿಆರ್‌ಎಂ ಬೀಗ ಇಲ್ಲದ ಇಪಬ್ (ಇ-ಪುಸ್ತಕದ ಒಂದು ರೂಪ) ಕಡತ ಸಿಗುತ್ತದಾ ನೋಡಿ. ಹಲವು ಪ್ರಕಾಶಕರು ತಮ್ಮ ಜಾಲತಾಣದಲ್ಲಿ ನೇರವಾಗಿ ಕೊಡುತ್ತಾರೆ. ಸಿಕ್ಕರೆ ಇಳಿಸಿಕೊಂಡು ಎರಡು ಕಡೆ ಇಡಿ. ಸಿಗದಿದ್ದರೆ ಅಚ್ಚಿನ ಪ್ರತಿಯನ್ನೇ ತನ್ನಿ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳಿಗೆ ಮೈಕಲ್ ಹಾರ್ಟ್ 1971ರಲ್ಲಿ ಶುರುಮಾಡಿದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಇದೆ. ಅಲ್ಲಿನ ಕಡತಕ್ಕೆ ಬೀಗವೇ ಇಲ್ಲ, ಇಳಿಸಿಕೊಂಡ ಮೇಲೆ ಯಾರೂ ವಾಪಸ್ ಕಿತ್ತುಕೊಳ್ಳಲಾರರು. ಇನ್ನು ಟಿಪ್ಪಣಿಗಳು. ಅವನ್ನು ಆಗಾಗ ಹೊರತೆಗೆದು ಸಾಧಾರಣ ಟೆಕ್ಸ್ಟ್ ಕಡತದಲ್ಲಿ ಇಟ್ಟುಕೊಳ್ಳಿ. ದಯವಿಟ್ಟು ಇದೊಂದನ್ನು ಮುಂದೂಡಬೇಡಿ.

ಪ್ರಶ್ನೆ: ರಾತ್ರಿ ಮಲಗುವ ಮುಂಚೆ ಐದು ನಿಮಿಷ ಅಂತ ಫೋನ್ ಹಿಡಿಯುತ್ತೇನೆ, ಒಂದು ಗಂಟೆ ಆಗಿರುತ್ತದೆ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಬಿಟ್ಟು ಬೇರೆ ಉಪಾಯ ಇದೆಯಾ?

ಉತ್ತರ: ಇದೆ. ಮೊದಲು ನಿಮ್ಮನ್ನು ನೀವು ಬೈದುಕೊಳ್ಳುವುದು ನಿಲ್ಲಿಸಿ. ಮೊದಲೆಲ್ಲಾ ಜಾಲತಾಣದಲ್ಲಿ ಪುಟ ಮುಗಿಯುತ್ತಿತ್ತು, ಮುಂದಿನ ಪುಟ ಬೇಕಾದರೆ ಒತ್ತಬೇಕಿತ್ತು. ಆ ಒಂದು ಕ್ಷಣದಲ್ಲಿ ಸಾಕು ಅನ್ನಿಸುತ್ತಿತ್ತು. ಪುಟ ಮುಗಿಯದಂತೆ ಕೆಳಗೆ ಸೇರುತ್ತಲೇ ಹೋಗುವ ವಿನ್ಯಾಸವನ್ನು 2006ರಲ್ಲಿ ಮಾಡಿದವರು ಏಜಾ ರಾಸ್ಕಿನ್. ಅದರಿಂದ ಆದ ಪರಿಣಾಮಕ್ಕೆ ತಮಗೆ ಪಶ್ಚಾತ್ತಾಪವಿದೆ ಎಂದು ಅವರೇ ಆಮೇಲೆ ಹೇಳಿದ್ದಾರೆ. ನಿಲ್ಲುವ ಜಾಗವನ್ನೇ ತೆಗೆದುಹಾಕಿದ ಮೇಲೆ ನಿಲ್ಲಲಿಲ್ಲ ಎಂದು ನಿಮ್ಮನ್ನು ದೂರಿದರೆ ಹೇಗೆ?

ಹಾಗಾಗಿ ನಿಲ್ಲುವ ಜಾಗವನ್ನು ನಾವೇ ಹಾಕಿಕೊಳ್ಳಬೇಕು. ತಾನಾಗಿ ಮುಂದಿನ ವಿಡಿಯೋ ಶುರುವಾಗುವ ಆಟೋಪ್ಲೇಯನ್ನು ಆಫ್ ಮಾಡಿ. ನೋಟಿಫಿಕೇಶನ್‌ಗಳಲ್ಲಿ ಮನುಷ್ಯರು ಕಳಿಸಿದ್ದನ್ನು ಮಾತ್ರ ಉಳಿಸಿ, ಯಂತ್ರ ಕಳಿಸುವುದೆಲ್ಲಾ ಬಂದ್. ಆಂಡ್ರಾಯ್ಡ್ 13ರಿಂದ ಹೊಸ ಆ್ಯಪ್ ಮೊದಲು ನಿಮ್ಮ ಒಪ್ಪಿಗೆ ಕೇಳಬೇಕು, ಯೋಚಿಸದೆ ಸರಿ ಒತ್ತಬೇಡಿ.

ಓದುವುದಕ್ಕೆ ಆರ್‌ಎಸ್‌ಎಸ್ ಪ್ರಯತ್ನಿಸಿ, ಅಂದರೆ ಜಾಲತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುವ ವ್ಯವಸ್ಥೆ (RSS). 1999ರಲ್ಲಿ ಬಂದ ಹಳೆಯ ವ್ಯವಸ್ಥೆ. ಇದನ್ನು ಓದಲು ಹಲವರು ಬಳಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿದಾಗ ಇದರ ಕಥೆ ಮುಗಿಯಿತು ಎಂದು ಹಲವರು ಬರೆದರು, ಆದರೆ ಇವತ್ತಿಗೂ ಪಾಡ್‌ಕಾಸ್ಟ್‌ಗಳು ಮನೆ ತಲುಪುವುದು ಇದರ ಮೇಲೆಯೇ. ನಿಮಗೆ ಇಷ್ಟವಾದ ಜಾಲತಾಣಗಳನ್ನು ನೀವೇ ಆರಿಸುತ್ತೀರಿ, ಅವರು ಹೊಸದು ಬರೆದರೆ ಬರುತ್ತದೆ, ಬರೆಯದಿದ್ದರೆ ಇಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಬೇರೆ ಯಾರೂ ತೀರ್ಮಾನಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಪಟ್ಟಿ ಮುಗಿಯುತ್ತದೆ. ಹೊಸದೇನೂ ಇಲ್ಲ ಎಂದು ಪರದೆ ಹೇಳಿದಾಗ ಫೋನ್ ಕೆಳಗಿಡುವುದು ಎಷ್ಟು ಸುಲಭ ಅಂತ ನೋಡಿ!

ಪ್ರಶ್ನೆ: 80 ಪರ್ಸೆಂಟ್ ದಾಟಿ ಚಾರ್ಜ್ ಮಾಡಬಾರದಂತೆ. ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದರೆ ಫೋನ್ ಹಾಳಾಗುತ್ತದಾ?

ಉತ್ತರ: ಹಾಳಾಗುವುದಿಲ್ಲ, ತುಂಬಿದ ಮೇಲೆ ಫೋನೇ ಚಾರ್ಜ್ ನಿಲ್ಲಿಸುತ್ತದೆ. ಆದರೆ ಲಿಥಿಯಂ ಅಯಾನ್ ಬ್ಯಾಟರಿಗೆ ಪೂರ್ತಿ ತುಂಬಿದ ಸ್ಥಿತಿಯಲ್ಲಿ ತುಂಬಾ ಹೊತ್ತು ಇರುವುದು ಹಿತವಲ್ಲ, ಬಿಸಿಯಂತೂ ಇನ್ನೂ ಕೆಟ್ಟದ್ದು. ಎರಡೂ ಸೇರಿದರೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಐಫೋನ್ 15ರಿಂದ ಈಚೆಗೆ, ಮತ್ತು ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ, 80ಕ್ಕೆ ನಿಲ್ಲಿಸುವ ಆಯ್ಕೆ ಇದೆ. ದಿನಕ್ಕೆ ಅಷ್ಟು ಸಾಕಾದರೆ ಆನ್ ಮಾಡಿ ಮರೆತುಬಿಡಿ. ಸಾಲದಿದ್ದರೆ ಪೂರ್ತಿ ತುಂಬಿಸಿ, ಫೋನ್ ಇರುವುದೇ ಬಳಸಲಿಕ್ಕೆ. ದಿಂಬಿನ ಕೆಳಗೆ ಮಾತ್ರ ಚಾರ್ಜಿಗೆ ಇಡಬೇಡಿ. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಿದ್ದರೆ ಆ ಕ್ಷಣವೇ ಬಳಸುವುದು ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ರಿಪೇರಿಯವರ ಕೈಗೆ ಕೊಡಿ.

ಪ್ರಶ್ನೆ: ಅಪ್ಪನಿಗೆ ಫೋನಿನ ಅಕ್ಷರ ಕಾಣುವುದಿಲ್ಲ, ಮೆಸೇಜ್ ಬಂದರೆ ನನ್ನ ಹತ್ತಿರ ಓದಿಸುತ್ತಾರೆ. ದೊಡ್ಡ ಟ್ಯಾಬ್ಲೆಟ್ ಕೊಡಿಸಲಾ?

ಉತ್ತರ: ಕೊಡಿಸುವ ಮುಂಚೆ ಅವರ ಪಕ್ಕದಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ, ಬೋಲ್ಡ್ ಮಾಡಿ. ಗಾತ್ರ ಎಷ್ಟಿರಬೇಕು ಎಂದು ನೀವು ತೀರ್ಮಾನಿಸಬೇಡಿ, ಅವರ ಕೈಗೇ ಕೊಟ್ಟು ಕೇಳಿ. ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಪರದೆಯನ್ನು ಹಿಗ್ಗಿಸುವ ಸೌಲಭ್ಯ ಇದೆ, ಬರೆದದ್ದನ್ನು ಓದಿ ಹೇಳುವ ಸೌಲಭ್ಯವೂ ಇದೆ. ಟೈಪ್ ಮಾಡುವುದು ಕಷ್ಟವಾದರೆ ಕೀಬೋರ್ಡ್‌ನಲ್ಲಿರುವ ಮೈಕ್ ಒತ್ತಿ ಮಾತಾಡಲು ಕಲಿಸಿ. ಬಳಸದ ಆ್ಯಪ್‌ಗಳನ್ನೆಲ್ಲಾ ಮುಖಪುಟದಿಂದ ತೆಗೆದು, ಅವರಿಗೆ ದಿನಾ ಬೇಕಾದ ನಾಲ್ಕೈದನ್ನು ಮಾತ್ರ ಬಿಡಿ. ಆಮೇಲೆ ಆ ಜಾಗವನ್ನು ಬದಲಾಯಿಸಬೇಡಿ, ಹಿರಿಯರು ಎಷ್ಟೋ ಸಲ ಹೆಸರು ಓದಿ ಅಲ್ಲ, ಜಾಗ ನೆನಪಿಟ್ಟುಕೊಂಡು ಒತ್ತುತ್ತಾರೆ.

ಒಂದೆರಡು ವಾರ ಹೀಗೆ ಬಳಸಲಿ. ಆಮೇಲೂ ಕಷ್ಟವಾದರೆ ಟ್ಯಾಬ್ಲೆಟ್ ತನ್ನಿ, ಆದರೆ ಅದು ಕೈಯಲ್ಲಿ ಹಿಡಿಯಲು ಭಾರ. ಹಾಗಾಗಿ ನಿಲ್ಲಿಸಿ ಇಡುವ ಸ್ಟ್ಯಾಂಡ್ ಕೂಡ ಜೊತೆಗೇ ತನ್ನಿ. ಕಣ್ಣಿನ ಡಾಕ್ಟರಿಗೂ ಒಮ್ಮೆ ತೋರಿಸಿ, ಅಕ್ಷರ ಕಾಣದಿರಲು ಫೋನೇ ಕಾರಣವಾಗಿರಬೇಕೆಂದಿಲ್ಲ.