ಚಿವುಟಿದವನೂ ಅವನೇ, ತೊಟ್ಟಿಲು ತೂಗಿದವನೂ ಅವನೇ

ಓದುಗ ಮಿತ್ರರೇ,

ನಿಮ್ಮ ಕಾಗದದಲ್ಲಿ ಎರಡು ಸಿಟ್ಟಿದೆ. ಒಂದು ನಮ್ಮ ಮೇಲೆ, ಇನ್ನೊಂದು ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಮೇಲೆ.

ಮೊದಲನೆಯದನ್ನು ಒಪ್ಪಿಕೊಳ್ಳುತ್ತೇನೆ. ಅವರ ಕಾದಂಬರಿ ‘ಪ್ರಿಲ್ಯೂಡ್ ಟು ಫೌಂಡೇಶನ್’ (1988) ಕುರಿತ ನಮ್ಮ ಲೇಖನದಲ್ಲಿ ಕೊನೆಯ ಗುಟ್ಟನ್ನು ಚಿತ್ರದ ಕೆಳಗೇ ಅಚ್ಚು ಹಾಕಿದ್ದು ತಪ್ಪು. ನೀವು ಆಗ ಅರ್ಧ ಪುಸ್ತಕದಲ್ಲಿದ್ದಿರಿ. ಕ್ಷಮಿಸಿ. ಅದನ್ನು ಇನ್ನೂ ಓದದವರು ಈ ಉತ್ತರವನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಎರಡನೆಯದು ಪೂರ್ತಿ ಓದಿ ಮುಗಿಸಿದ ಮೇಲಿನ ಸಿಟ್ಟು. ಗಣಿತಜ್ಞ ಹರಿ ಸೆಲ್ಡನ್ (ಹೌದು, ನಮ್ಮ ಹರಿಯ ಹಾಗೇ ಕೇಳುತ್ತದೆ) ಟ್ರಾಂಟರ್ ಎಂಬ ರಾಜಧಾನಿ ಗ್ರಹದಲ್ಲಿ ತಲೆಮರೆಸಿಕೊಂಡು ಓಡುತ್ತಾನೆ. ಅವನ ಹಿಂದೆ ಬಿದ್ದವನು ಚಕ್ರವರ್ತಿಯ ಮಂತ್ರಿ ಡೆಮರ್ಜೆಲ್. ಅಡಗಿಸಿಡುವವನು ಪತ್ರಕರ್ತ ಹಮ್ಮಿನ್. ಕೊನೆಗೆ ನೋಡಿದರೆ ಇಬ್ಬರೂ ಒಬ್ಬನೇ, ಅದೂ ಸಾವಿರಾರು ವರ್ಷ ಹಳೆಯ ರೋಬೋ ಡನೀಲ್. ‘ಮಗುವನ್ನು ಚಿವುಟಿ ತೊಟ್ಟಿಲು ತೂಗಿದ ಹಾಗಾಯ್ತು. ಇದು ಓದುಗರಿಗೆ ಮಾಡಿದ ಮೋಸ ಅಲ್ವಾ?’ ಎಂದು ಕೇಳಿದ್ದೀರಿ.

ಹರಿಗೆ ಮೋಸ ಆಗಿದೆ, ನಿಜ. ನಮಗೆ ಆಗಿಲ್ಲ ಅನ್ನೋದು ನನ್ನ ವಾದ. ಸುಳಿವುಗಳು ಕಣ್ಣೆದುರೇ ಇವೆ.

ಬಿಲ್ಲಿಬಾಟನ್ ಎಂಬ ಕೊಳಕು ಕೇರಿಯಲ್ಲಿ ಮುದುಕಿ ರಿಟ್ಟಾ ಹೇಳುವ ಹಳೆಯ ಕಥೆ ನೆನಪಿದೆಯಾ? ಅದರಲ್ಲಿ ಬಾ-ಲೀ, ಡಾ-ನೀ ಎಂಬ ಹೆಸರು ಬರುತ್ತವೆ. 1954ರ ‘ದಿ ಕೇವ್ಸ್ ಆಫ್ ಸ್ಟೀಲ್’ ಓದಿದವರು ಅಲ್ಲೇ ಎದ್ದು ಕೂರುತ್ತಾರೆ. ಅದರಲ್ಲಿ ಪತ್ತೇದಾರ ಬೇಲಿ, ಅವನ ಜೊತೆಗಾರ ರೋಬೋ ಡನೀಲ್. ಸಾವಿರಾರು ವರ್ಷ ಬಾಯಿಂದ ಬಾಯಿಗೆ ಸಾಗಿ ಹೆಸರು ಹೀಗೆ ಸವೆದಿದೆ. ಹಳೆಯ ಪುಸ್ತಕ ಓದದವರಿಗೆ ಈ ಸುಳಿವು ದಕ್ಕುವುದಿಲ್ಲ, ಅಷ್ಟರ ಮಟ್ಟಿಗೆ ನಿಮ್ಮ ದೂರು ಸರಿ. ರೋಬೋ ಕಥೆಗಳನ್ನೂ ಫೌಂಡೇಶನ್ ಕಥೆಗಳನ್ನೂ ಅಸಿಮೋವ್ ದಶಕಗಟ್ಟಲೆ ಬೇರೆ ಬೇರೆಯಾಗೇ ಇಟ್ಟಿದ್ದರು. 1980ರ ದಶಕದಲ್ಲಿ ಎರಡಕ್ಕೂ ಗಂಟು ಹಾಕಿದರು. ಆ ಗಂಟು ಅಲ್ಲಲ್ಲಿ ಕೈಗೆ ತಗಲುತ್ತದೆ.

ನನಗೆ ಹೆಚ್ಚು ಇಷ್ಟವಾದ ಸುಳಿವು ಬೇರೆ. ಅದು ಹರಿಯ ಜೊತೆ ಓಡುವ ಇತಿಹಾಸಗಾರ್ತಿ ಡೋರ್ಸ್ ಕುರಿತದ್ದು, ಅವಳೂ ರೋಬೋ ಇರಬಹುದಾ ಎಂಬುದು. ಹರಿ ಒಮ್ಮೆ ಹವಾಮಾನ ತಜ್ಞರ ಜೊತೆ, ಗ್ರಹವನ್ನು ಮುಚ್ಚಿದ ಗುಮ್ಮಟದ ಮೇಲಕ್ಕೆ ಹೋಗಿ, ಕತ್ತಲಾದ ಮೇಲೂ ಅಲ್ಲೇ ಉಳಿದುಬಿಡುತ್ತಾನೆ. ಮೇಲೆ ಕೊರೆಯುವ ಚಳಿ. ಕೆಳಗೆ ಯಾರಿಗೂ ಅಷ್ಟೇನೂ ಆತಂಕವಿಲ್ಲ. ಡೋರ್ಸ್ ಒಬ್ಬಳಿಗೆ ಮಾತ್ರ ಕೂರಲಾಗುವುದಿಲ್ಲ. ಭೂಕಂಪ ಅಳೆಯುವವನನ್ನು ಹಿಡಿದು, ಮೇಲೆ ಒಬ್ಬನೇ ಮನುಷ್ಯ ಓಡಾಡಿದ ಗುರುತು ಯಂತ್ರದಲ್ಲಿ ಸಿಕ್ಕಿದೆಯಾ ಎಂದು ಹುಡುಕಿಸುತ್ತಾಳೆ. ಸಿಗುತ್ತದೆ, ಅವನು ಬದುಕುತ್ತಾನೆ. ಮೊದಲ ಓದಿಗೆ ಇದು ಗೆಳತಿಯ ಹಟ ಅನ್ನಿಸುತ್ತದೆ. ಆದರೆ ಅಸಿಮೋವ್ ತಮ್ಮ ಕಥೆಗಳ ರೋಬೋಗಳಿಗೆ 1942ರಲ್ಲೇ ಬರೆದಿಟ್ಟ ಮೊದಲ ನಿಯಮದಲ್ಲಿ ಎರಡು ಮಾತಿದೆ. ರೋಬೋ ಮನುಷ್ಯನಿಗೆ ಹಾನಿ ಮಾಡಬಾರದು. ಸುಮ್ಮನೆ ಕೈಕಟ್ಟಿ ಕೂತು ಹಾನಿಯಾಗಲು ಬಿಡಲೂ ಬಾರದು. ಆ ರಾತ್ರಿ ಅವಳು ಸುಮ್ಮನಿರಲಾಗದೆ ಒದ್ದಾಡುವುದನ್ನು ಈ ಎರಡನೇ ಮಾತಿನ ಬೆಳಕಿನಲ್ಲಿ ಓದಿ ನೋಡಿ.

ಅದಕ್ಕೇ ಟ್ರಾಂಟರ್‌ನ ಮೈಕೋಜೆನ್ ಎಂಬ ವಲಯದ ಭಾಗ ಓದುವಾಗ ನನಗೆ ನಗು ತಡೆಯಲಾಗಲಿಲ್ಲ. ಅಲ್ಲಿಯವರಿಗೆ ಕೂದಲು ಅಂದರೆ ನಾಚಿಕೆ. ಆದ್ದರಿಂದ ಹರಿ, ಡೋರ್ಸ್ ಇಬ್ಬರೂ ತಲೆಗೆ ಬೋಳುಟೋಪಿ ಹಾಕಿಕೊಂಡು, ವೇಷ ಮರೆಸಿ, ಗುಡಿಯಂಥ ಒಂದು ಕಟ್ಟಡಕ್ಕೆ ನುಗ್ಗುತ್ತಾರೆ. ಅಲ್ಲಿ ಜೀವಂತ ರೋಬೋ ಇದೆ ಎಂಬುದು ಹರಿಯ ನಂಬಿಕೆ. ಸಿಗುವುದು ಕೆಟ್ಟುಹೋದ ಲೋಹದ ಬೊಂಬೆ. ಪಕ್ಕದಲ್ಲಿ ನಿಂತವಳು ಡೋರ್ಸ್! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಇನ್ನು ಡನೀಲ್ ಯಾಕೆ ಹೀಗೆ ಮಾಡಿದ? ಹರಿಯ ಬಳಿ ಸಮಾಜದ ಮುಂದಿನ ದಿನಗಳನ್ನು ಲೆಕ್ಕ ಹಾಕುವ ವಿದ್ಯೆಯ ಒಂದು ಎಳೆಯಷ್ಟೇ ಇತ್ತು. ಸಾಮ್ರಾಜ್ಯದಲ್ಲಿ 2.5 ಕೋಟಿ ಲೋಕಗಳು. ಅಷ್ಟನ್ನು ಯಾರು ಲೆಕ್ಕ ಹಾಕುತ್ತಾರೆ ಎಂದು ಅವನೇ ಕೈ ಚೆಲ್ಲಿದ್ದ. ಓಡುತ್ತಾ ಓಡುತ್ತಾ ಒಂದೊಂದು ವಲಯದ ಊಟ, ಮಾತು, ಜಗಳ ನೋಡಿದ ಮೇಲೆಯೇ, 4,000 ಕೋಟಿ ಜನರ ಈ ಒಂದು ಗ್ರಹವೇ ಸಾಕು ಎಂದು ಹೊಳೆದದ್ದು. ಕೋಣೆಯಲ್ಲಿ ಕೂರಿಸಿ ಹೇಳಿದ್ದರೆ ಹೊಳೆಯುತ್ತಿರಲಿಲ್ಲ. ಆದರೂ ಹೇಳಿಬಿಡುತ್ತೇನೆ, ಒಬ್ಬನನ್ನು ಕೇಳದೆ ಅವನ ಬದುಕನ್ನು ಹೀಗೆ ಅಟ್ಟಾಡಿಸುವುದು ನನಗೂ ಹಿಡಿಸಲಿಲ್ಲ. ಮನುಕುಲದ ಒಳಿತಿಗೆ ಎಂಬ ಸಮಜಾಯಿಷಿ ಇದೆ. ಆ ಸಮಜಾಯಿಷಿಯನ್ನು ಮಂತ್ರಿಗಳೆಲ್ಲ ಕೊಡುತ್ತಾರೆ. ರೋಬೋ ಎಂಬ ಪದದ ಮೂಲ ಜೆಕ್ ಭಾಷೆಯಲ್ಲಿ ‘ರೊಬೋಟಾ’, ಅಂದರೆ ಬಿಟ್ಟಿ ಚಾಕರಿ. ಇಲ್ಲಿ ಚಾಕರಿಗೆ ಬಿದ್ದವನು ಯಾರು, ಒಡೆಯ ಯಾರು ಅಂತ ನೀವೇ ನೋಡಿ.

ಪುಸ್ತಕದಲ್ಲಿ ಮಾತು ಜಾಸ್ತಿ ಎಂದಿದ್ದೀರಿ. ಅದಕ್ಕೆ ನನ್ನದೂ ಸಹಿ. ಪ್ರಾಣ ಉಳಿಸಿಕೊಳ್ಳಲು ಓಡುವವರು ನಡುನಡುವೆ ನಿಂತು ಪಾಠ ಒಪ್ಪಿಸುತ್ತಾರೆ.

ಕಡೆಯದಾಗಿ ನಿಮ್ಮ ಮಗನ ತಕರಾರು. ಡೋರ್ಸ್‌ಳದು ಪ್ರೀತಿ ಅಲ್ಲ, ಬರೀ ನಿಯಮ ಪಾಲನೆ ಅಂತ ಅವನು ವಾದಿಸುತ್ತಾನಂತೆ. ಅವಳು ರೋಬೋ ಎಂದು ಈ ಪುಸ್ತಕ ಬಾಯಿಬಿಟ್ಟು ಹೇಳುವುದೇ ಇಲ್ಲ. ಹರಿಗೆ ಗುಮಾನಿ ಬರುತ್ತದೆ, ಆದರೂ ಕೈ ಬಿಡುವುದಿಲ್ಲ. ಮಗನಿಗೆ ‘ಫಾರ್ವರ್ಡ್ ದಿ ಫೌಂಡೇಶನ್’ ತಂದುಕೊಡಿ. ಅಸಿಮೋವ್ 1992ರಲ್ಲಿ ತೀರಿಕೊಂಡರು, ಪುಸ್ತಕ ಬಂದದ್ದು 1993ರಲ್ಲಿ. ಅದರಲ್ಲಿ ಡೋರ್ಸ್ ಆ ನಿಯಮವನ್ನು ಏನು ಮಾಡುತ್ತಾಳೆ ಅನ್ನೋದನ್ನು ಈ ಸಲ ನಾನು ಬಾಯಿ ಬಿಡುವುದಿಲ್ಲ. ಚಿತ್ರದ ಕೆಳಗಂತೂ ಹಾಕುವುದೇ ಇಲ್ಲ.

– ಸಂಪಾದಕ