ಅಂಜಿಕೆಗೆ ಗುಳಿಗೆ ಕೇಳಿ ಬಂದವರು

ಶರಣಪ್ಪ (ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ) ರಾಯಚೂರು ಕಡೆಯವರು, ವಯಸ್ಸು ಮೂವತ್ತೈದರ ಆಸುಪಾಸು. ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಡಾಂಬರು ಹಾಕುವ ಗ್ಯಾಂಗಿನಲ್ಲಿ ದುಡಿಯುತ್ತಾರೆ. ಹೆಂಡತಿಯೂ ಅದೇ ಗ್ಯಾಂಗು; ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕರೆತಂದದ್ದು ಆಕೆಯೇ. “ಕುಡದ್ರ ಮಾತ್ರ ಕೆಲಸಕ್ಕ ನಿಂದರ್ತಾರ್ರಿ ಮೇಡಂ, ಇಲ್ಲಂದ್ರ ಕೈಕಾಲು ನಡಗ್ತಾವ” ಎಂದರು. ಶರಣಪ್ಪ ಕೇಳಿದ್ದು ಇಷ್ಟೇ: “ಅಂಜಿಕಿ ಹೋಗೂಹಂಗ ಏನಾರ ಗುಳಿಗಿ ಕೊಡ್ರಿ.”

ಟಿಪ್ಪರಿಗೆ ಸನ್ನೆ ಮಾಡುವುದು ಅವರ ಕೆಲಸ. ಪ್ಲಾಂಟಿನಿಂದ ಬಿಸಿ ಮಾಲು (ಡಾಂಬರು ಬೆರೆತ ಜಲ್ಲಿ) ತಂದ ಟಿಪ್ಪರ್ ಹಿಂದಕ್ಕೆ ಬಂದು, ಅದನ್ನು ರಸ್ತೆಗೆ ಹಾಸುವ ಪೇವರ್ ಯಂತ್ರದ ಬಾಯಿಗೆ ಸುರಿಯಬೇಕು. ಕೆಲವು ತಿಂಗಳ ಹಿಂದೆ ಹೀಗೆ ಬರುವಾಗ ಅವರ ಅಕ್ಕನ ಮಗ ಟಿಪ್ಪರಿನ ಹಿಂಗಾಲಿಗೂ ಪೇವರಿಗೂ ನಡುವೆ ಸಿಕ್ಕಿ ಪಾದ ಜಜ್ಜಿಹೋಯಿತು. ಎಳೆದು ಹೊರತೆಗೆದವರು ಶರಣಪ್ಪ. ಅಂದಿನಿಂದ, ಹಗಲು ಶೆಡ್ಡಿನಲ್ಲಿ ಮಲಗಿದ್ದಾಗ ಎಲ್ಲೋ ಗಾಡಿಯ ರಿವರ್ಸ್ ಹಾರ್ನ್ ಕೇಳಿದರೂ ಧಡಕ್ಕನೆ ಎದ್ದು ಕೂರುತ್ತಾರೆ. ಪಾಳಿಗೆ ಮುಂಚೆ ಒಂದು ಕ್ವಾರ್ಟರ್ ಇಳಿಸುವುದು ಶುರುವಾಗಿದ್ದು ಆಮೇಲೆ.

ಕಾರ್ಮಿಕರಿಗೆ ಅಪಾಯದ ಅರಿವಿಲ್ಲ, ಅರಿವು ಮೂಡಿಸಬೇಕು ಎನ್ನುವುದು ವಾಡಿಕೆಯ ಮಾತು. ನನಗೆ ಅದರಲ್ಲಿ ನಂಬಿಕೆ ಕಡಿಮೆ. ನಿಮ್ಮ ಕೆಲಸದಲ್ಲಿ ಎಲ್ಲೆಲ್ಲಿ ಪೆಟ್ಟಾಗುತ್ತದೆ ಹೇಳಿ ಎಂದದ್ದಕ್ಕೆ ಶರಣಪ್ಪ ಪಾಠ ಒಪ್ಪಿಸಿದಂತೆ ಹೇಳುತ್ತಾ ಹೋದರು. ಮಾಲಿನಿಂದ ನೀಲಿ ಹೊಗೆ ಎದ್ದರೆ ಅತಿಯಾಗಿ ಕಾದಿದೆ ಎಂದು ಲೆಕ್ಕ, ಮುಖ ಹತ್ತಿರ ಒಯ್ಯಬಾರದು. ಡಾಂಬರು ಕಾಯಿಸುವ ಬಾಯ್ಲರಿಗೆ ಒಂದು ಚೊಂಬು ನೀರು ಬಿದ್ದರೂ ಉಕ್ಕಿ ಸಿಡಿಯುತ್ತದೆ. ಟಿಪ್ಪರಿನ ನೆರಳಲ್ಲಿ ಮಲಗಬಾರದು. ಹೆಂಗಸರು ಸೀರೆಯ ಮೇಲೆ ಅಂಗಿ ತೊಟ್ಟು ಸೆರಗು ಸಿಕ್ಕಿಸಿಕೊಳ್ಳದಿದ್ದರೆ ಯಂತ್ರ ಎಳೆದುಕೊಳ್ಳುತ್ತದೆ. ತಪ್ಪಿದ್ದು ಒಂದೇ ಕಡೆ: ಬಿಸಿ ಡಾಂಬರು ಮೈಗೆ ಅಂಟಿದರೆ ಕಿತ್ತು, ಡೀಸೆಲ್ ಹಚ್ಚಿ ಒರೆಸುತ್ತಾರಂತೆ. ಅದನ್ನು ಆಗಲೇ ತಿದ್ದಿದೆ. ಕೀಳಬೇಡಿ, ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ, ಅಂಟಿದ್ದನ್ನು ಡಾಕ್ಟರು ತೆಗೆಯುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಟಿಪ್ಪರಿನ ಬೆನ್ನಿಗೇ ಏಕೆ ನಿಲ್ಲುತ್ತೀರಿ? “ಮಾಲು ತಣ್ಣಗಾಗ್ತದ ಅಂತ ಮೇಸ್ತ್ರಿ ಒದರ್ತಾನ್ರಿ.” ಮೇಸ್ತ್ರಿಯ ಮಾತೂ ಸುಳ್ಳಲ್ಲ. ಸುಮಾರು 140 ಡಿಗ್ರಿಯಲ್ಲಿ ಬರುವ ಮಾಲು 100ರ ಹತ್ತಿರ ಇಳಿಯುವಷ್ಟರಲ್ಲಿ ರೋಲರ್ ಓಡಿ ಮುಗಿಯಬೇಕು. ಸಾಲದ್ದಕ್ಕೆ ಮೇಸ್ತ್ರಿಯಿಂದ ಮುಂಗಡ ಪಡೆದಿದ್ದಾರೆ. “ಅಂಜೋರಿದ್ರ ರೊಕ್ಕ ಇಟ್ಟು ಊರಿಗಿ ಹೋಗು” ಎಂದನಂತೆ. ರೇಡಿಯಂ ಜಾಕೆಟ್ಟು, ಹೆಲ್ಮೆಟ್ಟು ಚೀಲದಿಂದ ಹೊರಬರುವುದು ಇಂಜಿನಿಯರ್ ಸಾಹೇಬರು ಬರುವ ದಿನ.

ಇಲ್ಲಿ ಆಪ್ತಸಲಹೆಗಾರರು ಎಚ್ಚರವಾಗಿರಬೇಕು. ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ನಡುಕ ನಿಲ್ಲಿಸಿ, ಮತ್ತೆ ಅದೇ ಜಾಗಕ್ಕೆ ಕಳಿಸಿದರೆ ಕ್ವಾರ್ಟರ್ ಮಾಡುತ್ತಿದ್ದ ಕೆಲಸವನ್ನೇ ನಾವೂ ಮಾಡಿದಂತೆ. ಅವರಿಗೆ ನೇರವಾಗಿಯೇ ಹೇಳಿದೆ: “ನಿಮಗಿರುವುದು ಎರಡು ಅಂಜಿಕೆ. ಶೆಡ್ಡಿನಲ್ಲಿ ಬರುವುದಕ್ಕೆ ಚಿಕಿತ್ಸೆ ಇದೆ. ಟಿಪ್ಪರಿನ ಹಿಂದೆ ಬರುವುದು ಸರಿಯಾದ ಅಂಜಿಕೆ, ಅದನ್ನು ತೆಗೆಯಲು ನಾನು ಒಲ್ಲೆ.”

ಮೊದಲನೆಯದಕ್ಕೆ ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಕಳಿಸಿದೆ. ಕುಡಿತವನ್ನು ಡಾಕ್ಟರ ಮುಂದೆ ಮುಚ್ಚಿಡಬೇಡಿ, ಬಿಟ್ಟಾಗ ನಡುಕ ಹೆಚ್ಚಾದರೆ ಅದಕ್ಕೂ ಔಷಧಿ ಉಂಟು ಎಂದೆ. ಬೆಚ್ಚಿ ಎದ್ದಾಗ ಎರಡೂ ಪಾದ ನೆಲಕ್ಕೆ ಒತ್ತಿ, ಇದು ಶೆಡ್ಡು, ಇವತ್ತು ಇಂಥ ವಾರ, ಹುಡುಗ ಬದುಕಿದ್ದಾನೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಅವರಿಗಾಗದಿದ್ದರೆ ಹೆಂಡತಿ ಹೇಳಬೇಕು. ಆಸ್ಪತ್ರೆಗೆ ಹೋಗಲಾಗದ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಎರಡನೆಯದಕ್ಕೆ ಮದ್ದು ಸೈಟಿನಲ್ಲಿದೆ. ಟಿಪ್ಪರ್ ಬಂದು ಪೇವರಿಗೆ ಗುದ್ದಿ ನಿಲ್ಲಬೇಕಿಲ್ಲ. ಒಂದಡಿ ದೂರದಲ್ಲೇ ನಿಂತು ನ್ಯೂಟ್ರಲ್ ಹಾಕಿದರೆ ಪೇವರೇ ಮುಂದೆ ಬಂದು ತಾಗಿ ತಳ್ಳಿಕೊಂಡು ಹೋಗುತ್ತದೆ. ಆಗ ನಡುವೆ ಯಾರೂ ನಿಲ್ಲುವ ಅಗತ್ಯವೇ ಇಲ್ಲ. ಸನ್ನೆಯವರು ಒಬ್ಬರೇ, ಡ್ರೈವರ್ ಬದಿಗೆ, ದೂರದಲ್ಲಿ. ಕನ್ನಡಿಯಲ್ಲಿ ಡ್ರೈವರನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುವುದಿಲ್ಲ, ಆಗ ಸೀಟಿ ಊದಿ ನಿಲ್ಲಿಸಿ. ಇದನ್ನು ಮೇಸ್ತ್ರಿಗೆ ಒಬ್ಬರೇ ಹೋಗಿ ಹೇಳಬೇಡಿ, ಗದ್ದಲದ ನಡುವೆಯೂ ಬೇಡ. ಪಾಳಿ ಶುರುವಾಗುವ ಮುಂಚೆ, ಟಿಪ್ಪರ್ ಡ್ರೈವರನ್ನೂ ಜೊತೆಗಿಟ್ಟುಕೊಂಡು ನಾಲ್ಕು ಜನ ಹೇಳಿ ಎಂದೆ. ಡ್ರೈವರಿಗೂ ಕೇಸಿನ ಭಯ ಇದ್ದೇ ಇರುತ್ತದೆ.

ಶರಣಪ್ಪನವರ ಒಪ್ಪಿಗೆ ಪಡೆದು ಮೇಸ್ತ್ರಿಯೊಂದಿಗೆ ಫೋನಿನಲ್ಲಿ ಮಾತಾಡಿದೆ. ಕುಡಿದವನ ಸನ್ನೆ ನಂಬಿ ಗಾಡಿ ಹಿಂದೆ ತರಿಸುತ್ತಿದ್ದೀರಿ ಎಂದಾಗ ಸ್ವಲ್ಪ ಹೊತ್ತು ಸುಮ್ಮನಾದರು. ಸದ್ಯ ಶರಣಪ್ಪನವರನ್ನು ಪೇವರಿನ ಹಿಂದೆ ಸಲಿಕೆ ಕೆಲಸಕ್ಕೆ ಹಾಕಿದ್ದಾರೆ. ನ್ಯೂಟ್ರಲ್ ಹಾಕಿ ನಿಲ್ಲುವ ಪದ್ಧತಿಗೆ ಡ್ರೈವರುಗಳು ಒಪ್ಪಿದ್ದಾರೆ, ಆದರೆ ಅವಸರದ ರಾತ್ರಿಗಳಲ್ಲಿ ತಪ್ಪುತ್ತದೆ ಎಂದು ಹೆಂಡತಿಯ ದೂರು. ಮುಂಗಡದ ಮಾತು ಹಾಗೇ ಉಳಿದಿದೆ.

ಪಾದ ಜಜ್ಜಿಹೋದ ಹುಡುಗನಿಗೆ ಲೇಬರ್ ಕಾರ್ಡ್ (ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿ) ಇರಲಿಲ್ಲ. ಕಟ್ಟಡ ಕಾರ್ಮಿಕರ ಕಾನೂನಿನಲ್ಲಿ ರಸ್ತೆ ಕೆಲಸವೂ ಸೇರುತ್ತದೆ ಎಂಬುದೇ ಅವರಿಗೆ ಹೊಸ ಸುದ್ದಿ. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ, 18ರಿಂದ 60ರೊಳಗಿನ ವಯಸ್ಸಿನ ಯಾರು ಬೇಕಾದರೂ ಮಂಡಳಿಯಲ್ಲಿ ನೋಂದಾಯಿಸಬಹುದು. ಗಂಡ ಹೆಂಡತಿ ಇಬ್ಬರೂ ಅರ್ಜಿ ಕೊಟ್ಟಿದ್ದಾರೆ. ಕಾರ್ಡ್ ಇಲ್ಲದಿದ್ದರೂ ಕೆಲಸದಲ್ಲಾದ ಗಾಯಕ್ಕೆ ಮಾಲೀಕರಿಂದ ಪರಿಹಾರ ಕೇಳುವ ಹಕ್ಕಿದೆ, ಗಡುವು 2 ವರ್ಷ. ಮುಂದಿನ ಸಲ ಬರುವಾಗ ಹುಡುಗನ ಡಿಸ್ಚಾರ್ಜ್ ಚೀಟಿ, ಹಾಜರಿ ಪುಸ್ತಕದ ಫೋಟೋ ತರಲು ಹೇಳಿದ್ದೇನೆ. ಕಾರ್ಮಿಕ ಅಧಿಕಾರಿಯ ಕಚೇರಿಗೆ ಅರ್ಜಿ ಬರೆಯಲು ಅವೆರಡು ಬೇಕು.