ಜಾಹೀರಾತಿನಲ್ಲಿ ಸಿಂಕ್ ಕಾಣುವುದಿಲ್ಲ

ಓದುಗರ ಪತ್ರ: ಸಂಪಾದಕರೇ, ಹೊಸ ಮನೆಗೆ ಬಂದಿದ್ದೇವೆ. ಅಡುಗೆಮನೆ ಚಿಕ್ಕದು. ನಾಲ್ಕು ಜನ ಇದ್ದೇವೆ, ನಾವಿಬ್ಬರೂ ಕೆಲಸಕ್ಕೆ ಹೋಗುವವರು. ದಿನಾ ಅನ್ನ ಆಗಬೇಕು. ನನ್ನ ಪಟ್ಟಿಯಲ್ಲಿ ಏರ್ ಫ್ರೈಯರ್, ಫುಡ್ ಪ್ರೊಸೆಸರ್, ಹ್ಯಾಂಡ್ ಬ್ಲೆಂಡರ್, ಬ್ರೆಡ್ ಮೇಕರ್, ಎಗ್ ಬಾಯ್ಲರ್, ಎಲೆಕ್ಟ್ರಿಕ್ ರೈಸ್ ಕುಕ್ಕರ್ ಇವೆ. "ಒಂದೂ ಬೇಡ, ಎಲ್ಲಾ ಅಟ್ಟ ಸೇರುತ್ತವೆ, ಕರೆಂಟ್ ಬಿಲ್ ಬೇರೆ ಏರುತ್ತದೆ" ಅನ್ನುತ್ತಾರೆ ನಮ್ಮ ಯಜಮಾನರು. ಯಾವುದು ಕೊಳ್ಳಲಿ, ಯಾವುದು ಬಿಡಲಿ? ಹಳೇ ಪ್ರೆಶರ್ ಕುಕ್ಕರ್ ಇದೆ, ಅದನ್ನೂ ಬದಲಾಯಿಸಬೇಕಾ? (ಹೆಸರು ಬೇಡ ಎಂದ ಓದುಗರು)

ಸಂಪಾದಕರ ಉತ್ತರ:

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ರೈಸ್ ಕುಕ್ಕರ್ ಮತ್ತು ಹ್ಯಾಂಡ್ ಬ್ಲೆಂಡರ್ ಕೊಳ್ಳಿ. ಏರ್ ಫ್ರೈಯರ್ ಬಗ್ಗೆ ಒಂದು ವಾರ ಯೋಚಿಸಿ. ಉಳಿದ ಮೂರನ್ನು ಬಿಡಿ. ಅಲ್ಲಿಗೆ ನಿಮ್ಮ ಯಜಮಾನರು ಅರ್ಧ ಗೆದ್ದರು, ನೀವು ಅರ್ಧ ಗೆದ್ದಿರಿ. ಮನೆಯಲ್ಲಿ ಜಗಳ ಹಚ್ಚಿದ ಪಾಪ ನನಗೆ ಬೇಡ.

ಇಂಥ ಸಾಮಾನುಗಳ ಜಾಹೀರಾತನ್ನು ಸ್ವಲ್ಪ ಗಮನವಿಟ್ಟು ನೋಡಿ. ಕ್ಯಾರೆಟ್ ಮೇಲಿಂದ ಹೋಗುತ್ತದೆ, ಸರ್ರನೆ ತುರಿಯಾಗಿ ಬೀಳುತ್ತದೆ, ಎಲ್ಲರೂ ನಗುತ್ತಾರೆ, ಅಲ್ಲಿಗೆ ಮುಗಿಯಿತು. ಆ ತುರಿಯನ್ನು ಹೊರಗೆ ತೆಗೆಯುವುದು, ಯಂತ್ರ ಬಿಚ್ಚುವುದು, ತೊಳೆಯುವುದು, ಒರೆಸುವುದು, ಒಳಗಿಡುವುದು ಯಾವುದನ್ನೂ ತೋರಿಸುವುದಿಲ್ಲ. ಯಂತ್ರ ಮಾಡುವ ಕೆಲಸ ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅದು ಹೊಸದಾಗಿ ಹುಟ್ಟಿಸುವ ಕೆಲಸ ಎಷ್ಟು ಅಂತ ಲೆಕ್ಕ ಹಾಕಬೇಕಾದವರು ನಾವು.

ಫುಡ್ ಪ್ರೊಸೆಸರನ್ನೇ ತೆಗೆದುಕೊಳ್ಳಿ. ಎರಡು ಈರುಳ್ಳಿ ಹೆಚ್ಚಬೇಕು. ಯಂತ್ರಕ್ಕೆ ಅದು ಕೆಲವೇ ಸೆಕೆಂಡಿನ ಕೆಲಸ. ಆದರೂ ಸಿಪ್ಪೆ ನೀವೇ ಸುಲಿಯಬೇಕು, ಬಾಯಿಗೆ ಹಿಡಿಸುವ ಹಾಗೆ ತುಂಡು ನೀವೇ ಮಾಡಬೇಕು. ಅಷ್ಟರಲ್ಲಿ ಚಾಕು, ಮಣೆ ಎರಡೂ ಹೊರಗೆ ಬಂದಾಯಿತು. ಆಮೇಲೆ ಸಿಂಕಿಗೆ ಬೀಳುವುದು ಬಟ್ಟಲು, ಮುಚ್ಚಳ, ನಡುವಿನ ಕಂಬಿ, ಬ್ಲೇಡು, ತರಕಾರಿ ಒತ್ತುವ ಕೊಳವೆ. ಬ್ಲೇಡಿನ ಬುಡದ ತೂತಿನೊಳಗೆ ಈರುಳ್ಳಿ ಚೂರು ಸಿಕ್ಕಿಕೊಂಡಿರುತ್ತದೆ, ಅದಕ್ಕೆ ಬ್ರಷ್ ಬೇಕು. ಮುಚ್ಚಳದ ಸಂದಿಯಲ್ಲಿ ನೀರು ನಿಲ್ಲುತ್ತದೆ, ಅದನ್ನು ಬೋರಲು ಹಾಕಿ ಒಣಗಿಸಬೇಕು. ಅಷ್ಟು ಹೊತ್ತಿಗೆ ಕೈಯಲ್ಲೇ ಐದಾರು ಈರುಳ್ಳಿ ಹೆಚ್ಚಿ ಮುಗಿಸಬಹುದಿತ್ತು, ಅಲ್ವಾ?

ಹಾಗಂತ ಅದು ಕೆಟ್ಟ ಯಂತ್ರವಲ್ಲ. ಫ್ರಾನ್ಸಿನಲ್ಲಿ ಅದು ಶುರುವಾದದ್ದೇ ಹೋಟೆಲ್ ಅಡುಗೆಯವರಿಗಾಗಿ. 1970ರ ದಶಕದಲ್ಲಿ ಮನೆಗೆ ಬಂತು. ಹತ್ತಿಪ್ಪತ್ತು ಕಿಲೋ ತರಕಾರಿ ಹೆಚ್ಚುವ ಕಡೆ ತೊಳೆಯುವ ಹತ್ತು ನಿಮಿಷ ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕು ಜನರ ಮನೆಯಲ್ಲಿ ಆ ಹತ್ತು ನಿಮಿಷವೇ ಜಾಸ್ತಿ. ವಾರಕ್ಕೊಮ್ಮೆ ಎಲ್ಲ ತರಕಾರಿ ಒಟ್ಟಿಗೆ ಹೆಚ್ಚಿ ಫ್ರಿಜ್‌ನಲ್ಲಿಡುವ ಅಭ್ಯಾಸ ನಿಮಗಿದ್ದರೆ ನನ್ನ ಮಾತು ತಳ್ಳಿಹಾಕಿ, ಕೊಳ್ಳಿ. ಇಲ್ಲದಿದ್ದರೆ ಚಾಕುವಿಗೆ ಸಾಣೆ ಹಿಡಿಸಿ. ಯಾವ ಯಂತ್ರಕ್ಕಿಂತಲೂ ಮೊದಲು ಆಗಬೇಕಾದ ಕೆಲಸ ಅದು. ಮೊಂಡು ಚಾಕು ಹೆಚ್ಚು ಒತ್ತಡ ಕೇಳುತ್ತದೆ, ಒತ್ತಿದಾಗ ಜಾರುತ್ತದೆ, ಜಾರಿದರೆ ಬೆರಳಿಗೆ. ಗಾಜಿನ ಮಣೆಯ ಮೇಲೆ ಹೆಚ್ಚುತ್ತಿದ್ದರೆ ಇವತ್ತೇ ನಿಲ್ಲಿಸಿ. ಮರ ಅಥವಾ ಪ್ಲಾಸ್ಟಿಕ್ ಮಣೆ ಚಾಕುವಿನ ಬಾಯಿ ಉಳಿಸುತ್ತದೆ.

ಈಗ ರೈಸ್ ಕುಕ್ಕರ್. "ಪ್ರೆಶರ್ ಕುಕ್ಕರಿನಲ್ಲೇ ಅನ್ನ ಆಗುತ್ತದಲ್ಲ, ಇದ್ಯಾಕೆ" ಅಂತ ನಿಮ್ಮ ಯಜಮಾನರು ಕೇಳಿಯೇ ಕೇಳುತ್ತಾರೆ. ನಿಜ, ಬೇಗನೂ ಆಗುತ್ತದೆ. ಆದರೆ ಪ್ರೆಶರ್ ಕುಕ್ಕರಿಗೆ ನಿಮ್ಮ ಕಿವಿ ಬೇಕು. ಯಾರೋ ಒಬ್ಬರು ಕೂಗು ಎಣಿಸಿ, ಬಂದು, ಒಲೆ ಆರಿಸಬೇಕು. ಸ್ನಾನಕ್ಕೆ ಹೋಗುವ ಹಾಗಿಲ್ಲ, ಫೋನ್ ಬಂದರೂ ಒಂದು ಕಿವಿ ಅಲ್ಲೇ. ರೈಸ್ ಕುಕ್ಕರ್ ಆ ಕಾವಲಿನಿಂದ ಬಿಡಿಸುತ್ತದೆ. ಪಾತ್ರೆಯಲ್ಲಿ ನೀರು ಇರುವ ತನಕ ಬಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಂತಿರುತ್ತದೆ. ಅಕ್ಕಿ ನೀರೆಲ್ಲ ಹೀರಿಕೊಂಡ ಕೂಡಲೇ ತಳದ ಬಿಸಿ ಅದನ್ನು ದಾಟಿ ಏರುತ್ತದೆ. ಆ ಏರಿಕೆ ಗೊತ್ತಾಗುತ್ತಿದ್ದ ಹಾಗೆ ಸ್ವಿಚ್ ತಾನಾಗಿಯೇ ಟಕ್ ಎಂದು ಬೀಳುತ್ತದೆ. ತಾನೇ ಆರುವ ಇಂಥ ಕುಕ್ಕರನ್ನು ಜಪಾನಿನ ತೋಷಿಬಾ ಕಂಪನಿ 1955ರಲ್ಲೇ ಮಾರಾಟಕ್ಕೆ ತಂದಿತ್ತು. ಇವತ್ತಿಗೂ ಸಾದಾ ಮಾದರಿಗಳಲ್ಲಿ ಚಿಪ್ಪೂ ಇಲ್ಲ, ಪರದೆಯೂ ಇಲ್ಲ. ಹಾಳಾಗುವ ಭಾಗ ಕಡಿಮೆ. ತೊಳೆಯುವುದು ಒಂದು ಪಾತ್ರೆ, ಒಂದು ಮುಚ್ಚಳ. ಹತ್ತು ಬಟನ್ ಇರುವ ಮಾದರಿ ಬೇಡ, ಒಂದು ಸ್ವಿಚ್ಚಿನದು ಸಾಕು.

ಕೈ ಉಳಿಸುವ ಯಂತ್ರಗಳು ಬೇಕಾದಷ್ಟಿವೆ. ಗಮನ ಉಳಿಸುವವು ಕಡಿಮೆ. ಎರಡೆರಡು ಕೆಲಸ ಒಟ್ಟಿಗೆ ನಡೆಸಬೇಕಾದ ಮನೆಗೆ ಎರಡನೇ ಜಾತಿಯವು ಜಾಸ್ತಿ ಉಪಕಾರಿ ಅಂತ ನನ್ನ ಅಭಿಪ್ರಾಯ. ತಾನೇ ಆರುವ ಕೆಟಲ್ ಆ ಜಾತಿಗೆ ಸೇರಿದ್ದು. ನೋಡಲು ಹೋದರೆ ಎಗ್ ಬಾಯ್ಲರ್ ಕೂಡ ಅದೇ ಜಾತಿ. ಅಳತೆಯ ನೀರು ಆರಿದ ಮೇಲೆ ಬಿಸಿ ಏರಿ ಆಫ್ ಆಗುವ ಅದೇ ಉಪಾಯ ಅದರಲ್ಲೂ ಇದೆ. ಮತ್ಯಾಕೆ ಬೇಡ ಅಂದೆ? ಮೊಟ್ಟೆ ಬೇಯುವುದೇ ಹತ್ತು ನಿಮಿಷ. ಅದಕ್ಕೆ ಒಂದು ಪುಟ್ಟ ಪಾತ್ರೆ, ಫೋನಿನ ಅಲಾರಂ ಸಾಕು. ಒಂದೇ ಕೆಲಸದ ಯಂತ್ರ ಇಟ್ಟುಕೊಳ್ಳಬೇಕಾದರೆ ಆ ಕೆಲಸ ದಿನಾ ಇರಬೇಕು. ನಿಮಗೆ ಅನ್ನ ದಿನಾ ಇದೆ.

ಹ್ಯಾಂಡ್ ಬ್ಲೆಂಡರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೂಪ್ ಆದ ಪಾತ್ರೆಯಲ್ಲೇ ಮುಳುಗಿಸಿ ತಿರುಗಿಸಬಹುದು. ಬಿಸಿಬಿಸಿಯಾದದ್ದನ್ನು ಮಿಕ್ಸಿ ಜಾರಿಗೆ ಸುರಿದು ಮುಚ್ಚಳ ಬಿಗಿದರೆ ಒಳಗಿನ ಹಬೆ ಮುಚ್ಚಳವನ್ನೇ ಹಾರಿಸಬಹುದು. ಇಲ್ಲಿ ಆ ಭಯ ಇಲ್ಲ. ತೊಳೆಯುವುದಂತೂ ಸುಲಭ: ಎತ್ತರದ ಲೋಟದಲ್ಲಿ ಸೋಪು ನೀರು ಹಾಕಿ ಅದರಲ್ಲೇ ನಾಲ್ಕು ಸುತ್ತು ತಿರುಗಿಸಿ. ಆಮೇಲೆ ಪ್ಲಗ್ ಕಿತ್ತು, ಕಿತ್ತ ಮೇಲೆಯೇ, ಬ್ಲೇಡಿಗೆ ಅಂಟಿದ್ದು ತೆಗೆಯಿರಿ. ಒಣ ಕಾಳು, ಗಟ್ಟಿ ಮಸಾಲೆ ಅದರ ಕೈಲಿ ಆಗುವುದಿಲ್ಲ. ಚಿಕ್ಕ ಮೋಟರು, ಬಿಡದೆ ಓಡಿಸಿದರೆ ಕಾದುಬಿಡುತ್ತದೆ.

ಬ್ರೆಡ್ ಮೇಕರ್ ಒಳ್ಳೆಯ ಯಂತ್ರವೇ. ಹಿಟ್ಟು ನಾದುವುದರಿಂದ ಸುಡುವ ತನಕ ಎಲ್ಲವನ್ನೂ ಮೂರು ನಾಲ್ಕು ಗಂಟೆಯಲ್ಲಿ ತಾನೇ ಮಾಡುತ್ತದೆ. ನಾದುವ ರೆಕ್ಕೆ ಬ್ರೆಡ್ಡಿನ ತಳದಲ್ಲಿ ಹೂತು ಕೂತಿರುತ್ತದೆ, ಎಳೆದು ತೆಗೆದರೆ ತಳಕ್ಕೊಂದು ತೂತು. ಅದನ್ನೂ ಕ್ಷಮಿಸಬಹುದು. ಆದರೆ ಒಂದು ಪ್ರಶ್ನೆ: ನೀವು ಈಗ ಮನೆಯಲ್ಲಿ ಬ್ರೆಡ್ ಮಾಡುತ್ತೀರಾ? ಕೈಯಲ್ಲಿ ಮಾಡಿ ಸುಸ್ತಾಗಿ ಯಂತ್ರ ಬೇಕು ಅನ್ನಿಸಿದ್ದರೆ ಅದು ಓಡುತ್ತದೆ. ಯಂತ್ರ ಬಂದರೆ ಮಾಡೋಣ ಅಂತಿದ್ದರೆ, ಯಜಮಾನರು ಹೇಳಿದ ಅಟ್ಟ ಇದಕ್ಕೇ ಕಾದಿದೆ.

ಬೇಡದ ಯಂತ್ರ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಅಮೆರಿಕದ ಜೂಸಿರೋ ಕತೆ ಕೇಳಿ. 2016ರಲ್ಲಿ ಬಂದ ಜ್ಯೂಸ್ ಯಂತ್ರ ಅದು. ಹಣ್ಣು, ತರಕಾರಿ ಹೆಚ್ಚಿ ತುಂಬಿದ ಪೊಟ್ಟಣವನ್ನು ಕಂಪನಿಯಿಂದಲೇ ಕೊಳ್ಳಬೇಕು, ಯಂತ್ರ ಅದನ್ನು ಹಿಂಡಿ ರಸ ಕೊಡುತ್ತದೆ. ವೈಫೈ ಕೂಡ ಇತ್ತು. 2017ರಲ್ಲಿ ಬ್ಲೂಮ್‌ಬರ್ಗ್ ಪತ್ರಕರ್ತರು ಆ ಪೊಟ್ಟಣವನ್ನು ಕೈಯಲ್ಲೇ ಹಿಂಡಿ ನೋಡಿದರು. ಹೆಚ್ಚುಕಮ್ಮಿ ಅಷ್ಟೇ ರಸ ಬಂತು! ಅದೇ ವರ್ಷ ಕಂಪನಿ ಬಾಗಿಲು ಹಾಕಿತು.

ಉಳಿದದ್ದು ಏರ್ ಫ್ರೈಯರ್. ಹೆಸರಲ್ಲಿ ಫ್ರೈ ಇದ್ದರೂ ಅದು ಕರಿಯುವುದಿಲ್ಲ. ಅದೊಂದು ಪುಟ್ಟ ಓವನ್. ಮೇಲೆ ಕಾಯುವ ಸುರುಳಿ, ಅದರ ಮೇಲೆ ಫ್ಯಾನು, ಕೆಳಗೆ ತೂತಿರುವ ಬುಟ್ಟಿ. ಬಿಸಿಗಾಳಿ ಜೋರಾಗಿ ಸುತ್ತುವುದರಿಂದ ಹೊರಮೈ ಬೇಗ ಒಣಗಿ ಗರಿಗರಿ ಆಗುತ್ತದೆ. ಈ ಹೆಸರಿನ ಯಂತ್ರವನ್ನು ಫಿಲಿಪ್ಸ್ 2010ರಲ್ಲಿ ಹೊರತಂದಿತು. ಫ್ಯಾನ್ ಇರುವ ಓವನ್ ಅದಕ್ಕಿಂತ ಎಷ್ಟೋ ಮೊದಲೇ ಇತ್ತು. ನಿಮ್ಮಲ್ಲಿ ಅಂಥ ಓವನ್ ಈಗಾಗಲೇ ಇದ್ದರೆ ಇದನ್ನು ಕೊಂಡು ಹೊಸದಾಗಿ ಸಿಗುವುದು ಬೇಗ ಕಾಯುವ ಗುಣ ಮಾತ್ರ. ಇಲ್ಲದಿದ್ದರೆ ಯೋಚಿಸಬಹುದು. ಆದರೆ ಗಾಳಿ ಸುತ್ತಬೇಕಾದರೆ ಜಾಗ ಬೇಕು. ಆಲೂಗಡ್ಡೆ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ಮೇಲಿನವು ಕಪ್ಪಾಗುತ್ತವೆ, ಕೆಳಗಿನವು ಮೆತ್ತಗೆ ಬೆಂದಿರುತ್ತವೆ. ನಡುನಡುವೆ ಬುಟ್ಟಿ ಎಳೆದು ಕುಲುಕಬೇಕು. ಚಿಕ್ಕ ಬುಟ್ಟಿಯಲ್ಲಿ ನಾಲ್ಕು ಜನಕ್ಕೆ ಎರಡು ಸಲ ಹಾಕಬೇಕು, ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ಕೊಳ್ಳುವುದಾದರೆ ಲೀಟರ್ ಲೆಕ್ಕ ಬಿಟ್ಟು ಬುಟ್ಟಿಯ ತಳದ ಅಗಲ ನೋಡಿ. ತೊಳೆಯಲು ತಂತಿ ಬ್ರಷ್ ಬೇಡ, ಒಳಗಿನ ಲೇಪ ಎದ್ದುಬರುತ್ತದೆ.

ಕರೆಂಟ್ ಬಿಲ್ಲಿನ ಭಯ ಬೇಡ ಅಂತ ಯಜಮಾನರಿಗೆ ಹೇಳಿ. 1000 ವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. 1500 ವಾಟಿನ ಏರ್ ಫ್ರೈಯರ್ 20 ನಿಮಿಷ ಓಡಿದರೆ ಹೆಚ್ಚೆಂದರೆ ಅರ್ಧ ಯೂನಿಟ್. ಭಯ ಪಡಬೇಕಾದದ್ದು ಪ್ಲಗ್ ಪಾಯಿಂಟಿನ ಬಗ್ಗೆ. ಕೆಟಲ್, ಏರ್ ಫ್ರೈಯರ್, ಓವನ್ ಇಂಥವನ್ನು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಬೇಡಿ, ವೈರು ಕಾಯುತ್ತದೆ. ಇನ್ನು ಮಿಕ್ಸಿ, ಬ್ಲೆಂಡರುಗಳ ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ವಾಟ್ ಅದು ಎಳೆದುಕೊಳ್ಳುವ ಕರೆಂಟಿನ ಲೆಕ್ಕ, ಎಷ್ಟು ನುಣ್ಣಗೆ ಅರೆಯುತ್ತದೆ ಅನ್ನುವುದರ ಲೆಕ್ಕ ಅಲ್ಲ. ಅಂಗಡಿಯಲ್ಲಿ ಯಂತ್ರವನ್ನು ಬೋರಲು ಮಾಡಿ ತಳದ ಚೀಟಿ ಓದಿ. ಬಿಡದೆ ಎಷ್ಟು ನಿಮಿಷ ಓಡಿಸಬಹುದು ಅಂತ ಕೆಲವದರಲ್ಲಿ ಬರೆದಿರುತ್ತದೆ. ಜಾರು, ಬ್ಲೇಡು, ವಾಷರ್ ಬಿಡಿಯಾಗಿ ಸಿಗುತ್ತವಾ ಅಂತಲೂ ಅಲ್ಲೇ ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆ ಮಾದರಿ ನೋಡಿ. ಮೋಟರ್ ಗಟ್ಟಿಯಿದ್ದೂ ಒಂದು ಪ್ಲಾಸ್ಟಿಕ್ ಕೊಕ್ಕೆ ಮುರಿದದ್ದಕ್ಕೆ ಕಸಕ್ಕೆ ಹೋದ ಯಂತ್ರಗಳಿಗೆ ಲೆಕ್ಕವಿಲ್ಲ.

ಒಂದು ವಾರ ಯೋಚಿಸಿ ಅಂದೆನಲ್ಲ, ಆ ವಾರದಲ್ಲಿ ಹೀಗೆ ಮಾಡಿ. ಏರ್ ಫ್ರೈಯರಿನ ಉದ್ದ ಅಗಲ ಎಷ್ಟು ಅಂತ ನೋಡಿ, ಹಳೇ ಪೇಪರನ್ನು ಅದೇ ಅಳತೆಗೆ ಕತ್ತರಿಸಿ ಅಡುಗೆಕಟ್ಟೆಯ ಮೇಲೆ ಅಂಟಿಸಿ. ಬಿಸಿಗಾಳಿ ಹೊರಹೋಗಲು ಹಿಂದೆ ಒಂದು ಗೇಣು ಜಾಗ ಬಿಡಿ. ಮುಂದೆ ಬುಟ್ಟಿ ಎಳೆಯಲೂ ಜಾಗ ಬೇಕು. ವಾರವಿಡೀ ಆ ಪೇಪರಿನ ಮೇಲೆ ಏನೂ ಇಡದೆ ಅಡುಗೆ ಮಾಡಿ. ಮಣೆ ಇಡಲು ಜಾಗ ಸಾಲದೆ ಮೂರನೇ ದಿನಕ್ಕೇ ಪೇಪರ್ ಕಿತ್ತುಹಾಕಿದಿರಾ, ಕೊಳ್ಳಬೇಡಿ. ಕಪಾಟಿನಲ್ಲಿಟ್ಟು ಬೇಕಾದಾಗ ತೆಗೆಯೋಣ ಅನ್ನಬೇಡಿ. ಐದಾರು ಕಿಲೋ ತೂಕದ್ದನ್ನು ದಿನಾ ಬಗ್ಗಿ ಯಾರೂ ತೆಗೆಯುವುದಿಲ್ಲ.

ಹಳೇ ಪ್ರೆಶರ್ ಕುಕ್ಕರನ್ನು ಮಾತ್ರ ಬಿಸಾಡಬೇಡಿ. ಫ್ರೆಂಚ್ ವಿಜ್ಞಾನಿ ಡೆನಿಸ್ ಪಾಪಿನ್ 1679ರಲ್ಲಿ ಮಾಡಿ ತೋರಿಸಿದ ಉಪಾಯವೇ ಇವತ್ತಿಗೂ ಅದರಲ್ಲಿದೆ: ಹಬೆಯನ್ನು ಹಿಡಿದಿಟ್ಟು ಒತ್ತಡ ಏರಿಸಿದರೆ ನೀರು 100ರ ಬದಲು 120 ಡಿಗ್ರಿಯ ಹತ್ತಿರ ಕುದಿಯುತ್ತದೆ, ಕಾಳು ಬೇಗ ಬೇಯುತ್ತದೆ. ಅನ್ನದ ಕೆಲಸ ಹೋದರೂ ಕಾಳಿಗೆ ಅದೇ ಬೇಕು. ಬದಲಾಯಿಸಬೇಕಾ ಅನ್ನುವುದನ್ನು ಕುಕ್ಕರನ್ನೇ ನೋಡಿ ತೀರ್ಮಾನಿಸಿ. ತಳ ಉಬ್ಬಿದ್ದರೆ, ಮುಚ್ಚಳದ ಅಂಚು ನೆಗ್ಗಿದ್ದರೆ, ಹಿಡಿ ಬಿಗಿ ಮಾಡಿದರೂ ಅಲ್ಲಾಡುತ್ತಿದ್ದರೆ ಬದಲಾಯಿಸಿ. ಪಕ್ಕದಿಂದ ಹಬೆ ಸೋರುವುದೊಂದೇ ತೊಂದರೆಯಾದರೆ ಬಹುಶಃ ಗ್ಯಾಸ್ಕೆಟ್ ಗಟ್ಟಿಯಾಗಿದೆ, ಹೊಸದು ಹಾಕಿ. ಸೇಫ್ಟಿ ವಾಲ್ವ್ ಕೂಡ ಅದೇ ಕಂಪನಿಯ, ಅದೇ ಮಾದರಿಯದ್ದೇ ಇರಲಿ. ಕೊಳ್ಳಲು ಹೋಗುವಾಗ ಹಳೇ ಗ್ಯಾಸ್ಕೆಟ್ಟನ್ನು ಜೊತೆಗೆ ಒಯ್ಯಿರಿ, ಅಳತೆ ಸ್ವಲ್ಪ ಆಚೀಚೆ ಆದರೂ ಮುಚ್ಚಳ ಕೂರುವುದಿಲ್ಲ.